ಪ್ರವಾಸ ಪ್ರಶ್ನೋತ್ತರ: ಬಾಯ್ಸಿಯ ಬಾಸ್ಕ್ ಬೀದಿ, ಅಲ್ಲಿಯ ಊಟ, ನದಿದಂಡೆಯ ಉದ್ಯಾನಗಳು

ಅಮೆರಿಕದ ಐಡಹೊ ರಾಜ್ಯದ ರಾಜಧಾನಿಯಾದ ಬಾಯ್ಸಿ ನಗರದ ಬಗ್ಗೆ ಈ ತಿಂಗಳು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದಲೇ ಐದು ಪತ್ರಗಳು ಬಂದಿವೆ. ಮಗನೋ ಮಗಳೋ ಅಲ್ಲಿ ಕೆಲಸದಲ್ಲಿರುವ ಕಾರಣ ಒಂದೆರಡು ತಿಂಗಳು ಇದ್ದು ಬರಲು ಹೊರಟಿರುವ ಹಿರಿಯರೇ ಪತ್ರ ಬರೆದವರಲ್ಲಿ ಹೆಚ್ಚು. ನಾನೂ ಮಗಳ ಮನೆಯಲ್ಲಿ ಒಂದು ಬೇಸಿಗೆಯನ್ನು ಅಲ್ಲಿ ಕಳೆದಿದ್ದೇನೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಊರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಜೂನ್ ತಿಂಗಳಲ್ಲಿ ನಾನು ಮತ್ತು ನನ್ನ ಯಜಮಾನರು ಮಗನ ಮನೆಗೆ ಹೋಗುತ್ತಿದ್ದೇವೆ. ಊರಿನ ನಡುವೆ ‘ಬಾಸ್ಕ್ ಬ್ಲಾಕ್’ ಎಂಬ ಬೀದಿಯಿದೆ, ಅದನ್ನು ನೋಡಲೇಬೇಕು ಎಂದು ಮಗ ಹೇಳುತ್ತಾನೆ. ಬಾಸ್ಕರು ಎಂದರೆ ಯಾರು? ಅವರು ಅಷ್ಟು ದೂರದ ಊರಿಗೆ ಬಂದು ನೆಲೆಸಿದ್ದು ಹೇಗೆ? ಒಂದು ಬೀದಿಯಲ್ಲಿ ನೋಡುವಂಥದ್ದು ಏನಿರುತ್ತದೆ?
(ನಿವೃತ್ತ ಶಿಕ್ಷಕಿ, ದಾವಣಗೆರೆ)

ಉತ್ತರ: ಸ್ಪೇನಿನ ಉತ್ತರ ತುದಿ ಮತ್ತು ಫ್ರಾನ್ಸಿನ ನೈಋತ್ಯ ಮೂಲೆ ಸೇರುವಲ್ಲಿ, ಪಿರೆನೀಸ್ ಬೆಟ್ಟಗಳು ಸಮುದ್ರಕ್ಕೆ ಇಳಿಯುವ ಕಡೆ, ಬಾಸ್ಕರ ನಾಡಿದೆ. ಅದರ ಏಳು ಪ್ರಾಂತಗಳಲ್ಲಿ ನಾಲ್ಕು ಸ್ಪೇನಿನಲ್ಲಿಯೂ ಮೂರು ಫ್ರಾನ್ಸಿನಲ್ಲಿಯೂ ಇವೆ. ಬಾಯ್ಸಿಗೆ ಬಂದವರಲ್ಲಿ ಬಹುಪಾಲು ಜನ ಸ್ಪೇನಿನ ಕಡೆಯ ಬಿಸ್ಕಾಯಾ ಪ್ರಾಂತದವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಶುರುವಾದ ಈ ವಲಸೆಗೆ ಒಂದು ಕಾರಣ ಅವರ ಮನೆಯ ಪದ್ಧತಿಯಲ್ಲಿಯೇ ಇತ್ತು. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದಾಗ ಹೊಲವೂ ತುಂಡಾಗುತ್ತದೆ. ಅವರಲ್ಲಿ ಹೊಲಮನೆ ಒಡೆಯಬಾರದೆಂದು ಇಡೀ ಆಸ್ತಿಯನ್ನು ಒಬ್ಬ ಮಗನಿಗೋ ಮಗಳಿಗೋ ವಹಿಸಿಕೊಡುತ್ತಿದ್ದರು. ಉಳಿದ ಮಕ್ಕಳು ಬದುಕಿನ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕಾಗಿತ್ತು. ಹಾಗೆ ಹೊರಟ ಹುಡುಗರಿಗೆ ಅಮೆರಿಕದ ಪಶ್ಚಿಮ ಭಾಗದಲ್ಲಿ ಸಿಕ್ಕ ಕೆಲಸ ಕುರಿ ಕಾಯುವುದು. ಅವರಲ್ಲಿ ಅನೇಕರು ಊರಿನಲ್ಲಿ ಸಣ್ಣ ಬೇಸಾಯ ಮಾಡಿಕೊಂಡಿದ್ದವರೇ ಹೊರತು ಸಾವಿರಾರು ಕುರಿಗಳ ಹಿಂಡನ್ನು ಕಂಡವರಲ್ಲ. ಇಂಗ್ಲಿಷ್ ಬಾರದವನಿಗೂ ಸಿಗುತ್ತಿದ್ದ ಕೆಲಸ ಅದೊಂದೇ ಆದ್ದರಿಂದ ಅದನ್ನು ಹಿಡಿದರು, ಬೆಟ್ಟದ ಒಂಟಿತನದಲ್ಲಿ ಅದನ್ನು ಕಲಿತರು.

ತಾವು ನೋಡಲಿರುವ ಗ್ರೋವ್ ಸ್ಟ್ರೀಟಿನ ಆ ತುಂಡು ಬೀದಿ ಈ ಹುಡುಗರ ಚಳಿಗಾಲದ ಆಸರೆಯಾಗಿತ್ತು. ಹಿಮ ಬಿದ್ದು ಕೆಲಸ ಕಡಿಮೆಯಾದಾಗ ಅವರು ಊರಿಗೆ ಇಳಿದು ಬಾಸ್ಕ್ ಕುಟುಂಬಗಳು ನಡೆಸುತ್ತಿದ್ದ ಬೋರ್ಡಿಂಗ್ ಮನೆಗಳಲ್ಲಿ ತಂಗುತ್ತಿದ್ದರು. ನಮ್ಮ ದಾವಣಗೆರೆಯಲ್ಲಿ ಗಿರಣಿಗಳು ನಡೆಯುತ್ತಿದ್ದ ಕಾಲದ ಖಾನಾವಳಿಗಳನ್ನು ಕಂಡವರಿಗೆ ಆ ಮನೆಗಳ ಸ್ವರೂಪ ಬೇಗ ಅರ್ಥವಾಗುತ್ತದೆ. ಆದರೆ ಅಲ್ಲಿ ಊಟ, ಹಾಸಿಗೆಗಳಷ್ಟೇ ಸಿಗುತ್ತಿರಲಿಲ್ಲ. ಊರಿನಿಂದ ಬಂದ ಕಾಗದ ಆ ಮನೆಯ ವಿಳಾಸಕ್ಕೇ ಬರುತ್ತಿತ್ತು. ಮುಂದಿನ ಕೆಲಸದ ಸುದ್ದಿ ಅಲ್ಲಿಯೇ ತಿಳಿಯುತ್ತಿತ್ತು. ವೈದ್ಯರ ಬಳಿಗೋ ಕಚೇರಿಗೋ ಹೋಗಬೇಕಾದರೆ ಮಾತು ಬಲ್ಲ ಮನೆಯವರೇ ಜೊತೆಗೆ ಹೋಗುತ್ತಿದ್ದರು. ಅಡುಗೆ, ಬಟ್ಟೆ ಒಗೆಯುವ ಕೆಲಸಕ್ಕೆಂದು ಬಾಸ್ಕ್ ನಾಡಿನಿಂದ ಬಂದ ಹೆಣ್ಣುಮಕ್ಕಳಿಗೂ ಆ ಹುಡುಗರಿಗೂ ಮದುವೆಗಳಾದದ್ದು ಅಲ್ಲಿಯೇ. ಹಾಗಾಗಿ ಇಂದಿನ ಎಷ್ಟೋ ಬಾಸ್ಕ್ ಮನೆತನಗಳ ಮೊದಲ ಕಥೆ ಒಂದಲ್ಲ ಒಂದು ಬೋರ್ಡಿಂಗ್ ಮನೆಯಿಂದ ಆರಂಭವಾಗುತ್ತದೆ.

ಅಂಥ ಒಂದು ಮನೆ ಈಗಲೂ ನಿಂತಿದೆ. 1864ರಲ್ಲಿ ಕಟ್ಟಿದ ಸೈರಸ್ ಜೇಕಬ್ಸ್–ಉಬೆರುವಾಗಾ ಮನೆ ಬಾಯ್ಸಿಯಲ್ಲಿ ಉಳಿದಿರುವ ಇಟ್ಟಿಗೆ ಕಟ್ಟಡಗಳಲ್ಲಿ ಅತ್ಯಂತ ಹಳೆಯದು. ಊರು ಸ್ಥಾಪನೆಯಾದದ್ದೇ ಅದರ ಹಿಂದಿನ ವರ್ಷ. 1910ರಿಂದ 1969ರವರೆಗೆ ಅದು ಬಾಸ್ಕರ ಬೋರ್ಡಿಂಗ್ ಮನೆಯಾಗಿತ್ತು, 1917ರಿಂದ ಅದನ್ನು ನಡೆಸಿದವರು ಉಬೆರುವಾಗಾ ಕುಟುಂಬದವರು. 1985ರಲ್ಲಿ ಆರಂಭವಾದ ಬಾಸ್ಕ್ ವಸ್ತುಸಂಗ್ರಹಾಲಯ ಅದರ ಪಕ್ಕದಲ್ಲೇ ಇದೆ. ತಾವು ಮೊದಲು ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿಂದ ಈ ಮನೆಗೆ ಬರುವುದು ಒಳ್ಳೆಯದು, ಏಕೆಂದರೆ ಅಲ್ಲಿಯ ಚಿತ್ರಗಳನ್ನೂ ಬರಹಗಳನ್ನೂ ನೋಡಿ ಬಂದಮೇಲೆ ಈ ಸಾಧಾರಣ ಕೋಣೆಗಳಲ್ಲಿ ಯಾರು ಮಲಗಿದ್ದರು, ಯಾರು ದುಡಿದರು ಎಂಬುದು ಮನಸ್ಸಿಗೆ ಬರುತ್ತದೆ. ನಾನು ಆ ಊಟದ ಕೋಣೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಉದ್ದನೆಯ ಮೇಜಿನ ಸುತ್ತ ಎಲ್ಲರೂ ಒಟ್ಟಿಗೆ ಕುಳಿತು, ನಡುವೆ ಇಟ್ಟ ದೊಡ್ಡ ಪಾತ್ರೆಗಳಿಂದ ಬಡಿಸಿಕೊಂಡು ಉಣ್ಣುವ ಅವರ ಕ್ರಮವನ್ನು ವಿವರಿಸುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ಪಂಕ್ತಿಯ ಊಟ.

ಅದೇ ಬೀದಿಯಲ್ಲಿರುವ ಅಂದುಯ್ಸಾ ಅಂಕಣವನ್ನೂ ಬಿಡಬೇಡಿ. 1914ರಲ್ಲಿ ಬೋರ್ಡಿಂಗ್ ಮನೆಯೊಂದರೊಳಗೇ ಕಟ್ಟಿದ ಚೆಂಡಾಟದ ಅಂಕಣ ಅದು. ಗೋಡೆಗೆ ಚೆಂಡನ್ನು ಹೊಡೆದು ಆಡುವ ಬಾಸ್ಕರ ಪೆಲೋಟಾ ಆಟ ಅಲ್ಲಿ ಇಂದಿಗೂ ನಡೆಯುತ್ತದೆ. ಬೀದಿಯ ಮೂಲೆಯಲ್ಲಿರುವ ಬಾಸ್ಕ್ ಸೆಂಟರ್ 1949ರ ಸುಮಾರಿಗೆ ಸಮುದಾಯದವರು ತಾವೇ ಹಣ ಹೂಡಿ ಎಬ್ಬಿಸಿದ ಸಭಾಮನೆ. ಹಿರಿಯರು ‘ಮುಸ್’ ಎಂಬ ಇಸ್ಪೀಟಿನ ಆಟವಾಡುತ್ತ ಕೂರುವುದು, ಮಕ್ಕಳು ಕುಣಿತ ಕಲಿಯುವುದು ಅಲ್ಲಿಯೇ. ಜೇಕಬ್ಸ್–ಉಬೆರುವಾಗಾ ಮನೆಯ ಮುಂದಿರುವ ಓಕ್ ಮರಕ್ಕೂ ಒಂದು ಚರಿತ್ರೆಯಿದೆ. ಬಿಸ್ಕಾಯಾದ ಗೆರ್ನಿಕಾ ಊರಿನ ಓಕ್ ಮರದ ಕೆಳಗೆ ಬಾಸ್ಕರ ಪ್ರತಿನಿಧಿಗಳು ಶತಮಾನಗಳ ಕಾಲ ಸಭೆ ಸೇರುತ್ತಿದ್ದರು. 1937ರ ಏಪ್ರಿಲ್ 26ರಂದು ಆ ಊರಿನ ಮೇಲೆ ಬಾಂಬು ಸುರಿದು ಊರು ನಾಶವಾದರೂ ಮರ ಉಳಿಯಿತು. ಬಾಯ್ಸಿಯ ಮರ ಆ ಮರದ ಸಂತತಿ. ಅದರ ನೆರಳಿನಲ್ಲಿ ಎರಡು ನಿಮಿಷವಾದರೂ ನಿಲ್ಲಿ.

ಪ್ರಶ್ನೆ: ನಮ್ಮದು ಕುರಿ ಸಾಕುವ ಮನೆತನ. ಬಾಯ್ಸಿಯಲ್ಲಿರುವ ನನ್ನ ಅಳಿಯ ಅಲ್ಲಿಯ ಬಾಸ್ಕರೂ ಕುರಿ ಕಾಯುತ್ತಿದ್ದವರು ಎಂದಾಗ ಕುತೂಹಲವಾಯಿತು. ಅವರ ರೀತಿ ನಮ್ಮ ರೀತಿಯನ್ನು ಹೋಲುತ್ತದೆಯೇ? ಅವರ ಭಾಷೆ ಸ್ಪ್ಯಾನಿಷ್ ಅಲ್ಲವೇ?
(ಓದುಗರು, ಚಳ್ಳಕೆರೆ)

ಉತ್ತರ: ಕಂಬಳಿಗೆ ಹೆಸರಾದ ಊರಿನಿಂದ ಬಂದ ಈ ಪ್ರಶ್ನೆ ನನಗೆ ಬಹಳ ಸಂತೋಷ ಕೊಟ್ಟಿತು. ಮಳೆಗಾಲ ಮುಗಿದ ಮೇಲೆ ಮೇವು ಹುಡುಕುತ್ತ ಹಿಂಡಿನೊಡನೆ ಹೊರಡುವುದು, ಕುಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದು, ಮನೆಮಂದಿಯೇ ಒಟ್ಟಾಗಿ ದಾರಿ ನಡೆಯುವುದು ನಮ್ಮ ಕಡೆಯ ಪದ್ಧತಿ. ಐಡಹೊದಲ್ಲಿ ಚಳಿಗಾಲಕ್ಕೆ ತಗ್ಗಿನ ಒಣಬಯಲು, ಬೇಸಿಗೆಗೆ ಎತ್ತರದ ಬೆಟ್ಟ ಎಂಬ ಲೆಕ್ಕವಿತ್ತು. ಆದರೆ ಅಲ್ಲಿ ಹಿಂಡು ಬಹುಮಟ್ಟಿಗೆ ಬೇರೊಬ್ಬ ಒಡೆಯನದು, ಕಾಯುವವನು ಒಬ್ಬನೇ. ಜೊತೆಗೆ ನಾಯಿಗಳು, ಕುದುರೆ, ಬಟ್ಟೆಯ ಚಾವಣಿ ಹೊದಿಸಿದ ಒಂದು ಬಂಡಿ, ಬಂಡಿಯೊಳಗೆ ಸಣ್ಣ ಒಲೆ. ತಿಂಗಳುಗಟ್ಟಲೆ ಇನ್ನೊಬ್ಬ ಮನುಷ್ಯನ ಮುಖ ಕಾಣದೆ ಕಳೆದ ದಿನಗಳಲ್ಲಿ ಅವರು ಆಸ್ಪೆನ್ ಮರಗಳ ಬಿಳಿ ತೊಗಟೆಯ ಮೇಲೆ ತಮ್ಮ ಹೆಸರು, ಇಸವಿ, ಊರಿನ ಹೆಸರು, ಕೆಲವೊಮ್ಮೆ ಚಿತ್ರಗಳನ್ನು ಕೊರೆದಿಟ್ಟರು. ಆಸ್ಪೆನ್ ಬಹುಕಾಲ ಬಾಳುವ ಮರವಲ್ಲವಾದ್ದರಿಂದ ಆ ಬರಹಗಳು ಮರಗಳೊಂದಿಗೆ ಅಳಿಯುತ್ತಿವೆ. ವಿದ್ವಾಂಸರು ಬೆಟ್ಟ ಹತ್ತಿ ಅವುಗಳನ್ನು ದಾಖಲಿಸಿಕೊಳ್ಳುತ್ತಿದ್ದಾರೆ.

ಆ ವಲಸೆ ಕ್ರಮೇಣ ನಿಂತದ್ದು ಕಾನೂನುಗಳಿಂದ. 1924ರ ವಲಸೆ ಕಾಯ್ದೆ ಸ್ಪೇನಿನಿಂದ ಬರುವವರ ಸಂಖ್ಯೆಯನ್ನು ತೀರ ಕಡಿತಗೊಳಿಸಿತು. ಸರ್ಕಾರಿ ಗೋಮಾಳಗಳಲ್ಲಿ ಯಾರು ಮೇಯಿಸಬಹುದು ಎಂಬುದನ್ನು ನಿಯಂತ್ರಿಸಿದ 1934ರ ಟೇಲರ್ ಕಾಯ್ದೆಯು ಸ್ವಂತ ಭೂಮಿಯಿಲ್ಲದೆ ಹಿಂಡು ಹೊಡೆದುಕೊಂಡು ತಿರುಗುತ್ತಿದ್ದವರಿಗೆ ಬಾಗಿಲು ಮುಚ್ಚಿತು. ಅಮೃತಮಹಲ್ ಕಾವಲುಗಳು ಕಿರಿದಾಗುತ್ತ ಬಂದುದನ್ನು ಕಣ್ಣಾರೆ ಕಂಡಿರುವ ತಮಗೆ ಇದರ ನೋವನ್ನು ನಾನು ವಿವರಿಸಬೇಕಾಗಿಲ್ಲ. ಈಗ ಐಡಹೊದ ಬೆಟ್ಟಗಳಲ್ಲಿ ಕುರಿ ಕಾಯುವವರು ಹೆಚ್ಚಾಗಿ ಪೆರು ದೇಶದವರು. ಅಕ್ಟೋಬರಿನಲ್ಲಿ ತಾವು ಅಲ್ಲಿರುವುದಾದರೆ ಬಾಯ್ಸಿಯಿಂದ ಪೂರ್ವಕ್ಕೆ ಕೆಲವು ಗಂಟೆಗಳ ಪ್ರಯಾಣದಷ್ಟು ದೂರವಿರುವ ಕೆಚಮ್ ಪಟ್ಟಣಕ್ಕೆ ಹೋಗಿ. ಬೆಟ್ಟದಿಂದ ಇಳಿಯುವ ಹಿಂಡು ಪಟ್ಟಣದ ಮುಖ್ಯಬೀದಿಯಲ್ಲೇ ಹಾದುಹೋಗುವ ಕುರಿಗಳ ಉತ್ಸವ ಅಲ್ಲಿ ನಡೆಯುತ್ತದೆ.

ಭಾಷೆಯ ವಿಷಯದಲ್ಲಿ ತಮ್ಮ ಊಹೆ ಸರಿಯಲ್ಲ. ಅವರ ಭಾಷೆ ಎವುಸ್ಕರ. ಅದು ಸ್ಪ್ಯಾನಿಷ್, ಫ್ರೆಂಚ್ ಎರಡಕ್ಕೂ ಸೇರದ, ಜಗತ್ತಿನ ಬೇರೆ ಯಾವ ಭಾಷೆಯೊಂದಿಗೂ ನಂಟು ಸಾಬೀತಾಗದ ಒಂಟಿ ಭಾಷೆ. ಆದರೂ ಕನ್ನಡದ ಕಿವಿಗೆ ಅದರ ಕಟ್ಟಡ ಪರಿಚಿತವೆನಿಸುತ್ತದೆ. ‘ಎಚೆ’ ಎಂದರೆ ಮನೆ. ‘ಎಚೆರಾ’ ಎಂದರೆ ಮನೆಗೆ, ‘ಎಚೆಯಾನ್’ ಎಂದರೆ ಮನೆಯಲ್ಲಿ, ‘ಎಚೆತಿಕ್’ ಎಂದರೆ ಮನೆಯಿಂದ. ನಮ್ಮಂತೆಯೇ ಪದದ ಹಿಂದೆ ಪ್ರತ್ಯಯ ಹತ್ತುತ್ತದೆ, ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಇದು ಬಂಧುತ್ವದ ಗುರುತಲ್ಲ, ಕೇವಲ ಹೋಲಿಕೆ. ಆದರೆ ಆ ಹೋಲಿಕೆ ತಿಳಿದ ದಿನ ನನಗೆ ಅವರ ಬಗ್ಗೆ ಇದ್ದ ಅಪರಿಚಿತ ಭಾವ ಹೋಯಿತು. ಬಾಯ್ಸಿಯಲ್ಲಿ ಪುಟ್ಟ ಮಕ್ಕಳಿಗೆ ಈ ಭಾಷೆಯಲ್ಲೇ ಕಲಿಸುವ ಶಿಶುವಿಹಾರವೊಂದು 1998ರಿಂದ ನಡೆದುಬಂದಿದೆ. ವಸ್ತುಸಂಗ್ರಹಾಲಯದಿಂದ ಹೊರಡುವಾಗ ‘ಎಸ್ಕೆರಿಕ್ ಆಸ್ಕೊ’ ಎನ್ನಿ, ಧನ್ಯವಾದ ಎಂದರ್ಥ. ಹಾಗೆಂದಾಗ ಎದುರಿನವರ ಮುಖ ಅರಳುವುದನ್ನು ತಾವೇ ನೋಡುತ್ತೀರಿ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದವರು. ಬಾಸ್ಕ್ ಊಟ ಎಂದರೆ ಬರಿಯ ಮಾಂಸವೆಂದು ಕೇಳಿದ್ದೇವೆ. ನಮಗೆ ಅಲ್ಲಿ ತಿನ್ನುವಂಥದ್ದು ಏನಾದರೂ ಇದೆಯೇ?
(ಗೃಹಿಣಿ, ಹರಿಹರ ರಸ್ತೆ, ದಾವಣಗೆರೆ)

ಉತ್ತರ: ಕೇಳಿದ್ದು ಬಹುಮಟ್ಟಿಗೆ ನಿಜ. 1991ರಿಂದ ಆ ಬೀದಿಯ ಮೂಲೆಯಲ್ಲಿರುವ ಬಾರ್ ಗೆರ್ನಿಕಾದಂಥ ಕಡೆ ಜನ ಹುಡುಕಿಕೊಂಡು ಬರುವುದು ಕುರಿಮಾಂಸಕ್ಕೆ, ಚೊರೀಸೊ ಎಂಬ ಹಂದಿಮಾಂಸದ ಸಾಸೇಜಿಗೆ, ಹಂದಿಯ ಬೆನ್ನುಮಾಂಸವನ್ನು ಬ್ರೆಡ್ಡಿನ ನಡುವೆ ಇಟ್ಟ ಸೊಲೊಮೊಗೆ. ಹೊರಗೆ ಗರಿಗರಿ, ಒಳಗೆ ಮೆತ್ತಗಿರುವ ಕ್ರೋಕೆಟಾ ನಮ್ಮ ಬೋಂಡಾದಂತೆ ಕಂಡರೂ ಒಳಗಿನ ಹೂರಣದಲ್ಲಿ ಸಾಮಾನ್ಯವಾಗಿ ಕೋಳಿಯೋ ಹಂದಿಮಾಂಸವೋ ಇರುತ್ತದೆ, ಆದ್ದರಿಂದ ನೋಡಿ ಮೋಸಹೋಗಬಾರದು. ಬಾಸ್ಕ್ ಮಾರ್ಕೆಟ್ ಅಂಗಡಿಯವರು ಕೆಲವು ದಿನ ಮಧ್ಯಾಹ್ನ ಬೀದಿಯಲ್ಲೇ ದೊಡ್ಡ ಬಾಣಲೆಯಿಟ್ಟು ಬೇಯಿಸುವ ಪಾಯೆಲ್ಲಾ ಅನ್ನದ ಪರಿಮಳ ದೂರದಿಂದಲೇ ಕರೆಯುತ್ತದೆ. ಅದರಲ್ಲಿಯೂ ಮಾಂಸ, ಮೀನಿನ ಪದಾರ್ಥಗಳಿರುವುದು ರೂಢಿ. ಆಲೂಗೆಡ್ಡೆಯ ‘ತೊರ್ತಿಯಾ’ ಶಾಕಾಹಾರವೆಂದು ಪಟ್ಟಿಯಲ್ಲಿ ಬರೆದಿದ್ದರೂ ಅದು ಮೊಟ್ಟೆಯಲ್ಲೇ ಕಟ್ಟಿದ ದಪ್ಪ ಆಮ್ಲೆಟ್ ಎಂಬುದು ತಮಗೆ ತಿಳಿದಿರಲಿ.

ಹಾಗಾದರೆ ಉಳಿಯುವುದೇನು? ಒಳ್ಳೆಯ ಆಲಿವ್ ಎಣ್ಣೆ ಸವರಿದ ಬ್ರೆಡ್ಡು, ಸುಟ್ಟು ಸಿಪ್ಪೆ ತೆಗೆದ ಕೆಂಪು ಮೆಣಸಿನಕಾಯಿ, ಆಲಿವ್ ಕಾಯಿ, ಹುರಿದ ಆಲೂಗೆಡ್ಡೆ, ಬೆಳ್ಳುಳ್ಳಿ ಹಾಕಿ ಬಾಡಿಸಿದ ಅಣಬೆ. ಇವೆಲ್ಲ ‘ಪಿಂಚೊ’ ಎಂಬ ಸಣ್ಣ ತಟ್ಟೆಗಳಲ್ಲಿ ಬರುತ್ತವೆ. ಅವರ ಕೆಂಪು ಮೆಣಸಿನಕಾಯಿ ಖಾರವಿಲ್ಲದ, ಸಿಹಿಯಾದ ಜಾತಿಯದು. ಮಂಡಕ್ಕಿಯ ಜೊತೆಗೆ ಮಿರ್ಚಿ ತಿಂದು ಬೆಳೆದ ನಮ್ಮ ನಾಲಿಗೆಗೆ ಅದು ಹಣ್ಣಿನಂತೆಯೇ ತೋರುತ್ತದೆ. ಸಾರುಗಳಲ್ಲಿ ಮಾಂಸದ ರಸ ಸೇರಿರುವುದು ಸಾಮಾನ್ಯ. ಕುರಿಹಾಲಿನಿಂದ ಮಾಡಿದ ಇದಿಯಸಾಬಲ್ ಎಂಬ ಚೀಸು ಅವರ ಹೆಮ್ಮೆಯ ಪದಾರ್ಥ, ಆದರೆ ಅದರ ಹಾಲು ಹೆಪ್ಪಾಗಲು ಬಳಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು. ಕಟ್ಟುನಿಟ್ಟಾಗಿ ಇರುವವರು ಅದನ್ನು ಬಿಡಬೇಕಾಗುತ್ತದೆ. ಮೊಟ್ಟೆ, ಮಾಂಸ, ಮಾಂಸದ ರಸ ಈ ಮೂರನ್ನೂ ಬೇರೆ ಬೇರೆಯಾಗಿ ಹೆಸರಿಸಿ ಕೇಳಿ. ಬರಿಯ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ನಡೆಯುತ್ತದೆ ಎಂದೇ ಅವರು ತಿಳಿಯುತ್ತಾರೆ. ಊಟದ ಕೊನೆಗೆ ‘ಅರೋಸ್ ಕೊನ್ ಲೆಚೆ’ ಇದ್ದರೆ ಕೇಳಿ ತರಿಸಿಕೊಳ್ಳಿ. ಅಕ್ಕಿ, ಹಾಲು, ಸಕ್ಕರೆ, ಏಲಕ್ಕಿಯ ಬದಲು ದಾಲ್ಚಿನ್ನಿ ಹಾಕಿದ ಅದು ನಮ್ಮ ಅನ್ನದ ಪಾಯಸವೇ. ಬೆಣ್ಣೆದೋಸೆಯ ಊರಿನವರಿಗೆ ಇದರಲ್ಲಿ ತೃಪ್ತಿಯಾದೀತೇ ಎಂದರೆ, ಹೊಟ್ಟೆ ತುಂಬುವ ಊಟವನ್ನು ಮಗನ ಮನೆಯಲ್ಲಿಯೇ ಮುಗಿಸಿಕೊಂಡು ಹೋಗಿ, ಆ ಬೀದಿಯಲ್ಲಿ ರುಚಿ ನೋಡುವಷ್ಟು ತಿನ್ನುವುದು ಒಳ್ಳೆಯದೆಂದು ನನ್ನ ಸಲಹೆ.

ಪ್ರಶ್ನೆ: ನನಗೆ ಗಿಡಮರಗಳೆಂದರೆ ಪ್ರಾಣ. ಚಂದ್ರವಳ್ಳಿಯಲ್ಲಿ ದಿನವೂ ನಡೆಯುವವನು ನಾನು. ಬಾಯ್ಸಿಯನ್ನು ಮರಗಳ ನಗರವೆಂದು ಕರೆಯುತ್ತಾರಂತೆ. ಅಲ್ಲಿಯ ಉದ್ಯಾನಗಳಲ್ಲಿ ಯಾವುದನ್ನು ನೋಡಬೇಕು?
(ನಿವೃತ್ತ ಬ್ಯಾಂಕ್ ಅಧಿಕಾರಿ, ಚಿತ್ರದುರ್ಗ)

ಉತ್ತರ: ವಿಮಾನದಿಂದ ಇಳಿಯುವಾಗ ಕಿಟಕಿಯ ಪಕ್ಕ ಕುಳಿತರೆ ಸುತ್ತಲೂ ಕಾಣುವುದು ಬೋಳು ಗುಡ್ಡ, ಒಣಹುಲ್ಲು, ನಡುವೆ ನದಿಯ ಉದ್ದಕ್ಕೂ ಒಂದು ಹಸಿರು ಪಟ್ಟಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ 300 ಮಿಲಿಮೀಟರ್‌ ಆಸುಪಾಸು. ನಮ್ಮ ಹಿರಿಯೂರು, ಚಳ್ಳಕೆರೆಗಳಿಗಿಂತಲೂ ಒಣ ನೆಲವದು. ಬಿಸಿಲುಗಾಡಿನಲ್ಲಿ ನಡೆದು ಬಂದ ಫ್ರೆಂಚ್ ಮಾತಿನ ಬೇಟೆಗಾರರು ನದಿದಂಡೆಯ ಕಾಟನ್‌ವುಡ್ ಮರಗಳನ್ನು ಕಂಡು ‘ಕಾಡು’ ಎಂದು ಉದ್ಗರಿಸಿದರೆಂದೂ ಅದರಿಂದಲೇ ಊರಿಗೆ ಆ ಹೆಸರು ಬಂತೆಂದೂ ಹೇಳುತ್ತಾರೆ. ಇಂದು ಊರಿನ ತುಂಬ ಇರುವ ಮರಗಳು ಜನ ನೆಟ್ಟು, ನೀರುಣಿಸಿ ಬೆಳೆಸಿದವು. ಬೆಟ್ಟದ ಹಿಮ ಕರಗಿ ಬರುವ ನೀರನ್ನು ಅಣೆಕಟ್ಟುಗಳಲ್ಲಿ ಹಿಡಿದಿಟ್ಟು ಕಾಲುವೆಗಳಲ್ಲಿ ಹರಿಸುತ್ತಾರೆ. ಅವುಗಳಲ್ಲಿ 1915ರಲ್ಲಿ ಮುಗಿದ ಆರೋರಾಕ್ ಅಣೆಕಟ್ಟು 106 ಮೀಟರ್ ಎತ್ತರವಿದ್ದು, ಆ ಕಾಲಕ್ಕೆ ಜಗತ್ತಿನಲ್ಲೇ ಎತ್ತರದ್ದಾಗಿತ್ತು. ಮಾರಿಕಣಿವೆಯ ವಾಣಿವಿಲಾಸ ಸಾಗರದ ನೀರು ಕುಡಿದು ಬೆಳೆದ ತೆಂಗು, ಅಡಿಕೆ ತೋಟಗಳನ್ನು ನೋಡಿದ ತಾವು ಆ ಹಸಿರಿನ ಹಿಂದಿನ ಶ್ರಮವನ್ನು ಬೇರೆ ಪ್ರವಾಸಿಗರಿಗಿಂತ ಚೆನ್ನಾಗಿ ಅಳೆಯಬಲ್ಲಿರಿ.

ಮೊದಲು ಜೂಲಿಯಾ ಡೇವಿಸ್ ಉದ್ಯಾನಕ್ಕೆ ಹೋಗಿ. ಊರಿಗೆ ಬಂದ ಅಪರಿಚಿತ ರೋಗಿಯೊಬ್ಬರ ಶುಶ್ರೂಷೆ ಮಾಡಿ, ಅದೇ ಜ್ವರ ತಗುಲಿ ತೀರಿಕೊಂಡವರೆಂದು ಊರಿನವರು ನೆನೆಯುವ ಜೂಲಿಯಾ ಅವರ ನೆನಪಿಗೆ ಪತಿ ಥಾಮಸ್ ಡೇವಿಸ್ 1907ರಲ್ಲಿ ನದಿದಂಡೆಯ ಭೂಮಿಯನ್ನು ನಗರಕ್ಕೆ ದಾನವಾಗಿ ಕೊಟ್ಟರು. ನಮ್ಮ ವಾಣಿವಿಲಾಸ ಸಾಗರ ಪೂರ್ಣಗೊಂಡದ್ದೂ ಅದೇ ವರ್ಷ. ಜೂನಿನಲ್ಲಿ ಅಲ್ಲಿಯ ಗುಲಾಬಿ ತೋಟ ಪೂರ್ತಿ ಅರಳಿರುತ್ತದೆ. ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ. ಕೈತೋಟದ ಆಸಕ್ತಿಯಿರುವವರು ಬೆಳಿಗ್ಗೆ ಬೇಗ ಹೋಗುವುದು ಮೇಲು, ಬಿಸಿಲೇರಿದ ಮೇಲೆ ಆ ಒಣಹವೆಯಲ್ಲಿ ಹೂವಿನ ಪರಿಮಳ ನಿಲ್ಲುವುದಿಲ್ಲ. ನದಿಯಾಚೆ ಸ್ವಲ್ಪ ದೂರದಲ್ಲಿರುವ 153 ಎಕರೆಯ ಆನ್ ಮಾರಿಸನ್ ಉದ್ಯಾನವನ್ನೂ 1959ರಲ್ಲಿ ಹೀಗೆಯೇ ಪತ್ನಿಯ ಸ್ಮರಣೆಗಾಗಿ ಕೊಡಲಾಯಿತು. ನದಿಯುದ್ದಕ್ಕೂ ಇರುವ ಇಂಥ ಅನೇಕ ಉದ್ಯಾನಗಳಿಗೆ ಹೆಣ್ಣುಮಕ್ಕಳ ಹೆಸರಿದೆ, ಅವುಗಳನ್ನು ಒಂದಕ್ಕೊಂದು ಪೋಣಿಸಿದಂತೆ ಸುಮಾರು 40 ಕಿಲೋಮೀಟರ್ ಉದ್ದದ ‘ಗ್ರೀನ್‌ಬೆಲ್ಟ್’ ಕಾಲುದಾರಿ ಸಾಗುತ್ತದೆ. ಅವುಗಳಲ್ಲಿ ನನ್ನ ಮನಸ್ಸು ಹೆಚ್ಚು ಹಿಡಿದದ್ದು ಕ್ಯಾಥರಿನ್ ಆಲ್ಬರ್ಟ್‌ಸನ್ ಉದ್ಯಾನ. ಅಲ್ಲಿ ಆಟದ ಮೈದಾನವಿಲ್ಲ, ಗದ್ದಲವಿಲ್ಲ. ಕೊಳಗಳು, ಬಾತುಗಳು, ನೀರಹಕ್ಕಿಗಳು, ನಡೆಯಲು ದಾರಿ. ಕುಂದವಾಡ ಕೆರೆಯ ಏರಿಯ ಮೇಲೆ ಮುಂಜಾನೆ ನಡೆಯುವಾಗಿನ ಸಮಾಧಾನ ಅಲ್ಲಿ ಸಿಗುತ್ತದೆ.

ಐಡಹೊ ಸಸ್ಯೋದ್ಯಾನವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಊರಿನ ಪೂರ್ವ ಅಂಚಿನಲ್ಲಿರುವ ಅದು 1984ರಲ್ಲಿ ಆರಂಭವಾದದ್ದು, ಹಿಂದೆ ಆ ನೆಲ ಪಕ್ಕದ ಸೆರೆಮನೆಗೆ ಸೇರಿತ್ತು. 1872ರಿಂದ 1973ರವರೆಗೆ ನಡೆದ ಆ ಸೆರೆಮನೆಯ ಗೋಡೆಗಳನ್ನು ಹಿಂದಿನ ಟೇಬಲ್ ರಾಕ್ ಗುಡ್ಡದಿಂದ ಕೈದಿಗಳೇ ಕಡಿದು ತಂದ ಮರಳುಗಲ್ಲಿನಿಂದ ಕಟ್ಟಲಾಗಿದೆ. ಏಳುಸುತ್ತಿನ ಕೋಟೆಯ ಊರಿನವರಾದ ತಮಗೆ ಆ ಕಲ್ಲಿನ ಕೆಲಸವನ್ನೂ ನೋಡುವ ಆಸೆಯಾಗಬಹುದು. ಸಸ್ಯೋದ್ಯಾನದಲ್ಲಿ ಗುಲಾಬಿಗಿಂತ ನನಗೆ ಮುಖ್ಯವೆನಿಸಿದ್ದು, 1804ರಿಂದ 1806ರವರೆಗೆ ಅಮೆರಿಕದ ಪಶ್ಚಿಮ ಭಾಗವನ್ನು ಅನ್ವೇಷಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಮ್ಮ ಯಾತ್ರೆಯಲ್ಲಿ ದಾಖಲಿಸಿದ ಅಲ್ಲಿಯ ನೆಲದ ಗಿಡಗಳನ್ನೇ ಬೆಳೆಸಿರುವ ಭಾಗ. ಕಡಿಮೆ ನೀರಿನಲ್ಲಿ ಬಾಳುವ ಗಿಡಗಳನ್ನು ಹೇಗೆ ಜೋಡಿಸಿ ಅಂದ ಕಾಣಿಸಬಹುದು ಎಂಬುದನ್ನು ಅಲ್ಲಿ ನೋಡಿ ಕಲಿಯಬಹುದು. ನಮ್ಮ ಜಿಲ್ಲೆಯ ಉದ್ಯಾನಗಳಲ್ಲಿ ಹುಲ್ಲುಹಾಸಿಗೆ ನೀರು ಸುರಿಯುವವರು ಅದನ್ನು ನೋಡಬೇಕೆಂದು ನನಗೆ ಬಲವಾಗಿ ಅನಿಸಿತು.

ಪ್ರಶ್ನೆ: ಬಾಸ್ಕರ ಹಬ್ಬ ನೋಡಲು ಯಾವಾಗ ಹೋಗಬೇಕು?
(ವಿದ್ಯಾರ್ಥಿ, ಹೊಳಲ್ಕೆರೆ)

ಉತ್ತರ: ಸಂತ ಇಗ್ನೇಷಿಯಸ್‌ ಸ್ಮರಣೆಯ ‘ಸಾನ್ ಇನಾಸಿಯೊ’ ಹಬ್ಬ ಪ್ರತಿವರ್ಷ ಜುಲೈ ಕೊನೆಯ ವಾರಾಂತ್ಯಕ್ಕೆ ಬರುತ್ತದೆ. ಆ ದಿನ ಗ್ರೋವ್ ಸ್ಟ್ರೀಟಿನಲ್ಲಿ ವಾಹನ ಸಂಚಾರ ನಿಲ್ಲಿಸಿ, 1960ರಲ್ಲಿ ಹುಟ್ಟಿದ ಓಯಿಂಕಾರಿ ತಂಡದವರು ಬಿಳಿ ಉಡುಪು, ಕೆಂಪು ನಡುಪಟ್ಟಿ ತೊಟ್ಟು ಕುಣಿಯುತ್ತಾರೆ. ಭಾರ ಎತ್ತುವ, ಮರದ ದಿಮ್ಮಿ ಕಡಿಯುವ ಸ್ಪರ್ಧೆಗಳೂ ಬಾಸ್ಕರ ಹಬ್ಬಗಳಲ್ಲಿ ಇರುತ್ತವೆ. ದೊಡ್ಡ ಹಬ್ಬವಾದ ‘ಹಾಯಾಲ್ದಿ’ 1987ರಲ್ಲಿ ಶುರುವಾಗಿ, 1990ರಿಂದ ಐದು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. 2020ರದ್ದು ಕೊರೊನಾದಿಂದ ನಿಂತುಹೋಗಿ 2025ರಲ್ಲಿ ನಡೆಯಿತು. ಹೋಗುವ ಮುನ್ನ ದಿನಾಂಕವನ್ನು ವಸ್ತುಸಂಗ್ರಹಾಲಯದವರಲ್ಲಿ ವಿಚಾರಿಸಿಕೊಳ್ಳಿ.

ಕೊನೆಯದಾಗಿ, ವಯಸ್ಸಾದವರನ್ನು ಕರೆದುಕೊಂಡು ಒಂದೇ ದಿನದಲ್ಲಿ ಇವನ್ನೆಲ್ಲ ನೋಡಬಹುದೇ ಎಂಬುದು ಐದರಲ್ಲಿ ಮೂರು ಪತ್ರಗಳಲ್ಲಿ ಇರುವ ಮಾತು. ನೋಡಬಹುದು, ಸಸ್ಯೋದ್ಯಾನವೊಂದನ್ನು ಬಿಟ್ಟು. ಬೆಳಿಗ್ಗೆ ಗುಲಾಬಿ ತೋಟದಲ್ಲಿ ಒಂದು ಗಂಟೆ ಕಳೆಯಿರಿ; ಅಲ್ಲಿಂದ ಗ್ರೋವ್ ಸ್ಟ್ರೀಟಿಗೆ ಸಮತಟ್ಟಾದ ದಾರಿಯಲ್ಲಿ ಹತ್ತು ಹದಿನೈದು ನಿಮಿಷದ ನಡಿಗೆ. ಬಿಸಿಲಿನ ಹೊತ್ತನ್ನು ವಸ್ತುಸಂಗ್ರಹಾಲಯದ ಒಳಗೆ ಕಳೆದು, ಊಟ ಮುಗಿಸಿ, ಮನೆಗೆ ಹೋಗಿ ಮಲಗಿ ಎದ್ದು, ಸಂಜೆ ಕ್ಯಾಥರಿನ್ ಆಲ್ಬರ್ಟ್‌ಸನ್ ಉದ್ಯಾನಕ್ಕೆ ಬನ್ನಿ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ, ಆದ್ದರಿಂದ ಅವಸರವಿಲ್ಲ. ಬೆವರು ಕಾಣದಂತೆ ಆರಿಹೋಗುವ ಒಣಹವೆಯಾದ್ದರಿಂದ ದಾಹವಾಗದಿದ್ದರೂ ಆಗಾಗ ನೀರು ಕುಡಿಸುತ್ತಿರಿ.